ಕಡಲ ನಡುವೆ ಊರವರ ಗಾಳಿಯಂತ್ರ

ಸಹೋದರಿಯರೇ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಅಂಥವನ್ನು ಕಡಲಲ್ಲಿ ನಿಲ್ಲಿಸುವ ಕೆಲಸವನ್ನು ಡೆನ್ಮಾರ್ಕಿನವರು 1991ರಲ್ಲೇ ವಿಂಡೆಬಿಯಲ್ಲಿ ಆರಂಭಿಸಿದರು. ನಾನು ಹೇಳಬಯಸುವುದು ಮಾತ್ರ ರಾಜಧಾನಿ ಕೋಪನ್‌ಹೇಗನ್ನಿನ ಎದುರಿಗಿರುವ ಮಿಡೆಲ್‌ಗ್ರುಂಡೆನ್ ಕುರಿತು.

ಅಲ್ಲಿ ಮೂರು ಸಾಲುಗಳಲ್ಲಿ 27 ಯಂತ್ರಗಳನ್ನು ನಿಲ್ಲಿಸುವ ಯೋಜನೆಯಿತ್ತು. ಕಡಲಿನ ನೋಟವೇ ಕೆಡುತ್ತದೆಂದು ಜನ ಆಕ್ಷೇಪಿಸಿದರು. ಯೋಜಕರು ಕಿವಿಗೊಟ್ಟರು. ಯಂತ್ರಗಳು 20ಕ್ಕಿಳಿದವು, ಮೂರು ಸಾಲು ಹೋಗಿ ಬಿಲ್ಲಿನಂತೆ ಬಾಗಿದ ಒಂದೇ ಸಾಲಾಯಿತು.

ಇನ್ನೂ ಸ್ವಾರಸ್ಯದ ಸಂಗತಿ ಬಂಡವಾಳದ್ದು. ನಮ್ಮೂರ ಹಾಲಿನ ಸಂಘದಂತೆ ಅಲ್ಲೂ ಒಂದು ಸಹಕಾರಿ ಸಂಘ ಹುಟ್ಟಿತು. ಅದರ 40,500 ಶೇರುಗಳನ್ನು ಎಂಟು ಸಾವಿರಕ್ಕೂ ಹೆಚ್ಚು ಮಂದಿ ಕೊಂಡರು. ಹೀಗೆ 10 ಯಂತ್ರಗಳು ಸಾಮಾನ್ಯ ಕುಟುಂಬಗಳ ಪಾಲಾದವು. ಉಳಿದ 10 ವಿದ್ಯುತ್ ಕಂಪೆನಿಯವು.

ಕಾಂಕ್ರೀಟಿನ ಭಾರೀ ಅಡಿಪಾಯಗಳನ್ನು ದಡದ ಹಡಗುಕಟ್ಟೆಯಲ್ಲಿ ಎರಕ ಹೊಯ್ದು, ಕಡಲಿಗೆ ಸಾಗಿಸಿ, ತಳಕ್ಕಿಳಿಸಿದರು. ಅಲ್ಲಿ ನೀರಿನ ಆಳ ಕೆಲವೇ ಮೀಟರ್. 2000ದ ಕೊನೆಯಲ್ಲಿ ಕಟ್ಟಿ ಮುಗಿದಾಗ ಒಟ್ಟು ಸಾಮರ್ಥ್ಯ 40 ಮೆಗಾವಾಟ್. ಗಾಳಿ ರೆಕ್ಕೆಯನ್ನು ತಿರುಗಿಸಿ ಹುಟ್ಟಿಸಿದ ವಿದ್ಯುತ್ತು ಕಡಲತಳದ ಕೇಬಲಿನಲ್ಲಿ ದಡ ಸೇರುತ್ತದೆ. ಗಾಳಿ ಅತಿಯಾದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ. ಕೆಟ್ಟರೆ ದುರಸ್ತಿಯವರು ದೋಣಿಯಲ್ಲೇ ಹೋಗಬೇಕು. ಅಲೆ ಎದ್ದ ದಿನ ಅವರೂ ದಡದಲ್ಲೇ ಕಾಯಬೇಕು.