ದೂರದ ಸದಸ್ಯ, ಊರಿನ ಕೆಲಸ

ಸೇವಾಸಂಘ ಎಂದ ಕೂಡಲೆ ಒಂದು ಕೊಠಡಿ, ಬಟ್ಟೆ ಹೊದಿಸಿದ ಮೇಜು, ಹಾಜರಿ ಪುಸ್ತಕ, ಸಭೆಯ ಕೊನೆಗೆ ಉಪ್ಪಿಟ್ಟು ಕಾಫಿ, ಇಷ್ಟೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಇವು ಯಾವುವೂ ಇಲ್ಲದೆ ನಡೆಯುವ ಸಂಘಗಳು ಈಗ ಹುಟ್ಟಿಕೊಂಡಿವೆ. ಸದಸ್ಯರಲ್ಲಿ ಒಬ್ಬರು ಬೆಂಗಳೂರಿನಲ್ಲಿದ್ದರೆ ಇನ್ನೊಬ್ಬರು ದುಬೈಯಲ್ಲಿರುತ್ತಾರೆ, ಮತ್ತೊಬ್ಬರು ಹುಟ್ಟಿದ ಊರನ್ನು ಬಿಟ್ಟೇ ಇರುವುದಿಲ್ಲ. ಸಭೆ ಸೇರುವುದು ಅಂತರಜಾಲದ ಮೇಲೆ. ಕಾಗದಪತ್ರವೆಲ್ಲ ಕೈಯೊಳಗಿನ ಫೋನಿನಲ್ಲಿ. ಇಂಥ ಸಂಘಕ್ಕೆ ಸೇರುವುದು ಬಲು ಸುಲಭ, ಒಂದು ಬೆರಳಿನ ಕೆಲಸ. ಸೇರಿದ ಮೇಲೆ ಅದರಲ್ಲಿ ನಿಜವಾಗಿ ದುಡಿಯುವ ಸದಸ್ಯನಾಗುವುದು ಹೇಗೆ ಎಂಬುದೇ ಇಲ್ಲಿ ನಮ್ಮ ವಿಚಾರ.

1905ರಲ್ಲಿ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಮಿತ್ರರೊಡನೆ ರೋಟರಿ ಸಂಘವನ್ನು ಆರಂಭಿಸಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತು. ಹಾಜರಿಯ ವಿಷಯದಲ್ಲಿ ಬಹುಕಾಲ ಕಟ್ಟುನಿಟ್ಟಾಗಿದ್ದ ಸಂಸ್ಥೆ ಅದು. ಆ ಸಂಸ್ಥೆಯಲ್ಲಿಯೇ 2002ರಲ್ಲಿ ಅಂತರಜಾಲದ ಮೇಲೆ ಸೇರುವ ಮೊದಲ ಸಂಘ ಹುಟ್ಟಿತು. 2010ರಲ್ಲಿ ಅಂಥ ಸಂಘಗಳಿಗೆ ಕಾಯಂ ಮಾನ್ಯತೆ ದೊರೆಯಿತು. 2020ರ ಕೊರೋನಾ ಕಾಲದಲ್ಲಂತೂ ಕೊಠಡಿಯಿದ್ದ ಸಂಘಗಳೂ ಬಾಗಿಲು ಹಾಕಿಕೊಂಡು ಪರದೆಯ ಮೇಲೆ ಸಭೆ ನಡೆಸಿದುವು.

ಆಕಾಶವಾಣಿಯ ಹಳೆಯ ಶ್ರೋತೃಗಳಿಗೆ ಈ ಏರ್ಪಾಡು ಅಷ್ಟೇನೂ ಹೊಸದಾಗಿ ತೋರಲಾರದು. 1956ರಲ್ಲಿ ಯುನೆಸ್ಕೋ ಸಂಸ್ಥೆಯ ನೆರವಿನಿಂದ ಪುಣೆಯ ನಿಲಯವು ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ಕೂಟಗಳನ್ನು ನಡೆಸಿ ನೋಡಿತು. ಒಂದೊಂದು ಹಳ್ಳಿಯಲ್ಲಿ ಇಪ್ಪತ್ತು ಮಂದಿಯಷ್ಟು ರೇಡಿಯೋ ಪೆಟ್ಟಿಗೆಯ ಸುತ್ತ ಕುಳಿತು ಕಾರ್ಯಕ್ರಮವನ್ನು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನೂ ತೀರ್ಮಾನಗಳನ್ನೂ ನಿಲಯಕ್ಕೆ ಬರೆದು ಕಳಿಸುವುದು, ಹೀಗಿತ್ತು ಕ್ರಮ. 1959ರಲ್ಲಿ ಇದನ್ನು ದೇಶಕ್ಕೆಲ್ಲ ವಿಸ್ತರಿಸಲಾಯಿತು. ಆ ಕೂಟಗಳಲ್ಲಿ ಮುಖ್ಯವಾದದ್ದು ಕೇಳುವುದಲ್ಲ, ಬರೆದು ತಿಳಿಸುವುದು. ಹಳ್ಳಿಯಿಂದ ಕಾಗದ ಬಾರದಿದ್ದರೆ ನಿಲಯದವರು ಗಾಳಿಯೊಡನೆ ಮಾತನಾಡಿದಂತೆಯೇ ಸರಿ. ಇಂದಿನ ಅಂತರಜಾಲ ಸಂಘಕ್ಕೂ ಪ್ರಾಣ ಇರುವುದು ಇದೇ ಜಾಗದಲ್ಲಿ.

ಮಾತು ಬರಿಯ ಮಾತಾಗದಿರಲೆಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ರಾಜ್ಯದಲ್ಲಿ ತೀರ ಕಡಿಮೆ ಮಳೆ ಬೀಳುವ ಸೀಮೆ ಇದು. ಶೇಂಗಾ ಇಲ್ಲಿಯ ಬೆಳೆ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ಮತ್ತು ಕಂಬಳಿ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದಾಗ ಇವೆರಡೂ ಅವುಗಳಲ್ಲಿ ಸೇರಿದ್ದುವು. ಮಳೆ ಕೈಕೊಟ್ಟಾಗ ಓದಿದವರೂ ಓದದವರೂ ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಹಾಗೆ ಹೋದವರು ಊರಿಗೇನಾದರೂ ಮಾಡಬೇಕೆಂದು ಒಂದು ಸಂಘ ಕಟ್ಟಿಕೊಂಡರೆಂದು ಇಟ್ಟುಕೊಳ್ಳಿ. ಮೊದಲು ಅವರ ಮನಸ್ಸಿಗೆ ಬರುವ ಕೆಲಸಗಳಲ್ಲಿ ಒಂದು, ದೇವರ ಎತ್ತುಗಳಿಗೆ ಮೇವು.

ಈ ಸೀಮೆಯ ಮ್ಯಾಸಬೇಡರು ತಮ್ಮ ದೇವರುಗಳ ಹೆಸರಿನಲ್ಲಿ ದನದ ಮಂದೆಗಳನ್ನು ಸಾಕಿಕೊಂಡು ಬಂದಿದ್ದಾರೆ. ಆ ಎತ್ತುಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಸಂತೆಯಲ್ಲಿ ಮಾರುವಂತಿಲ್ಲ. ಅವನ್ನು ಕಾಯುವವನು ಕಿಲಾರಿ. ಮಂದೆ ಎಲ್ಲಿಯೋ ಅವನ ವಾಸವೂ ಅಲ್ಲಿಯೇ. ಒಳ್ಳೆಯ ವರ್ಷದಲ್ಲಿ ಅಡವಿಯೂ ಕಾವಲೂ ಅವುಗಳ ಹೊಟ್ಟೆ ತುಂಬಿಸುತ್ತವೆ. ಬರಗಾಲದಲ್ಲಿ ಆ ಹುಲ್ಲು ಒಣಗುತ್ತದೆ. ಬೇರೆ ರೈತನಾದರೆ ದನವನ್ನು ಮಾರಿ ಕೈತೊಳೆದುಕೊಂಡಾನು. ಕಿಲಾರಿಗೆ ಆ ದಾರಿಯೂ ಇಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ದನವೊಂದಕ್ಕೆ ದಿನಕ್ಕೆ ಆರು ಕಿಲೋ ಒಣಮೇವು ಎಂದು ಹಿಡಿದರೆ ನೂರು ದನದ ಮಂದೆಗೆ ದಿನಕ್ಕೆ ಆರು ಕ್ವಿಂಟಲ್ ಬೇಕು. ಲಾರಿಯಲ್ಲಿ 40 ಕ್ವಿಂಟಲ್ ಬತ್ತದ ಹುಲ್ಲು ಬಂದಿತೆನ್ನಿ. ಅದು ಒಂದು ವಾರಕ್ಕೆ ಸಾಲದು. ಮಾರ್ಚಿಯಿಂದ ಮೇ ಕೊನೆಯವರೆಗೆ ತೊಂಬತ್ತು ದಿನ ದಾಟಿಸಬೇಕಾದರೆ ಹದಿಮೂರು ಹದಿನಾಲ್ಕು ಲಾರಿ ಆಗಬೇಕು. ಸಾಮಾನ್ಯವಾಗಿ ನಡೆಯುವುದೇನು? ಮೊದಲ ಲಾರಿ ಹೊರಟಾಗ ಸಂಘದಲ್ಲಿ ಎಲ್ಲಿಲ್ಲದ ಉತ್ಸಾಹ. ಲಾರಿಯ ಮುಂದೆ ಬಟ್ಟೆಯ ಫಲಕ ಕಟ್ಟಿ ತೆಗೆದ ಚಿತ್ರ ಎಲ್ಲರ ಫೋನಿಗೂ ಬರುತ್ತದೆ, ಕೈಮುಗಿದ ಗುರುತುಗಳು ಸಾಲುಗಟ್ಟಿ ಬೀಳುತ್ತವೆ. ಎಂಟನೆಯ ದಿನ ಮಂದೆಯ ಮುಂದೆ ಮೇವು ಇಲ್ಲ. ಅದನ್ನು ಕೇಳಿದವರೂ ಇಲ್ಲ. ಚಿತ್ರಕ್ಕೆ ಕೈಮುಗಿದವರು ಕೆಟ್ಟವರೆಂದಲ್ಲ. ಎಂಟನೆಯ ದಿನ ಯಾರ ಪಾಲಿನದೆಂದು ಅವರಲ್ಲಿ ಗೊತ್ತು ಮಾಡಿದವರಿರಲಿಲ್ಲ, ಅಷ್ಟೆ.

ಆದ್ದರಿಂದ ದುಡಿಯುವ ಸದಸ್ಯನ ಮೊದಲ ಲಕ್ಷಣವೆಂದರೆ ಒಂದು ವಾರವನ್ನು ತನ್ನದೆಂದು ಹೆಸರು ಹೇಳಿ ವಹಿಸಿಕೊಳ್ಳುವುದು. ಏಪ್ರಿಲ್ ಎರಡನೆಯ ವಾರ ನನ್ನದು ಎಂದವನು ಆ ವಾರಕ್ಕೆ ಮುಂಚೆಯೇ ಕಿಲಾರಿಗೆ ಫೋನು ಮಾಡಿ, “ಅಣ್ಣಾ, ಇರೋ ಮೇವು ಇನ್ನೆಷ್ಟು ದಿನಕ್ಕೆ ಬಂದೀತು?” ಎಂದು ವಿಚಾರಿಸಬೇಕು; ಲಾರಿ ಗೊತ್ತು ಮಾಡಬೇಕು; ಮೇವು ಇಳಿದ ದಿನ ಎಷ್ಟು ಇಳಿಯಿತು, ಏನು ಕೊಟ್ಟೆವು ಎಂದು ಸಂಘಕ್ಕೆ ಎರಡು ಸಾಲು ಬರೆಯಬೇಕು. ತನ್ನಿಂದ ಆಗದೆಂದು ಕಂಡರೆ ಹತ್ತು ದಿನ ಮೊದಲೇ ಹೇಳಿಬಿಡಬೇಕು. ಆಗದು ಎಂದು ಹೊತ್ತಿಗೆ ಮುಂಚೆ ಹೇಳುವ ಸದಸ್ಯ, ಆಗಲಿ ಎಂದು ಹೇಳಿ ಸುಮ್ಮನಾಗುವವನಿಗಿಂತ ಸಂಘಕ್ಕೆ ಹೆಚ್ಚು ಉಪಕಾರಿ.

ಎರಡನೆಯ ಮಾತು ಊರಿನಲ್ಲೇ ಇರುವ ಸದಸ್ಯನದು. ಇಪ್ಪತ್ತು ಮಂದಿ ದೂರದಲ್ಲಿದ್ದು ಊರಿನಲ್ಲಿ ಒಬ್ಬನೂ ಇಲ್ಲದಿದ್ದರೆ ಆ ಸಂಘ ಕುರುಡಾಗುತ್ತದೆ. ಬೇಡದ ವಸ್ತುವನ್ನು ಹೊತ್ತು ತರುವ ಔದಾರ್ಯ ಹುಟ್ಟುವುದು ಆಗಲೇ. ಚಳ್ಳಕೆರೆಗೆ ಪಟ್ಟಣದಿಂದ ಕಂಬಳಿ ಕಳಿಸಲು ಹೊರಟರೆ ಅಲ್ಲಿಯ ನೇಕಾರರು ಏನೆಂದಾರು! ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವ ಜಿಲ್ಲೆಯಿದು. ಹಳ್ಳಿಯಲ್ಲಿ ಶುದ್ಧ ನೀರಿನ ಘಟಕವಿದ್ದೂ ಅದು ಕೆಟ್ಟು ನಿಂತಿದ್ದರೆ ಬೇಕಾದದ್ದು ಇನ್ನೊಂದು ಘಟಕವಲ್ಲ, ರಿಪೇರಿಯವನು. ಇದು ಅಲ್ಲಿದ್ದು ನೋಡಿದವನಿಗೇ ಗೊತ್ತು. ಆತ ಬರೆಯುವುದಕ್ಕೆ ಹಿಂಜರಿದಾನು. ಗಡಿನಾಡಾದ್ದರಿಂದ ಮನೆಮಾತು ತೆಲುಗಾಗಿದ್ದರೂ ಆಗಿದ್ದೀತು. ಅಂಥವರು ಧ್ವನಿಯಲ್ಲೇ ಸುದ್ದಿ ಹೇಳಿ ಕಳಿಸಲಿ. ಬೆಂಗಳೂರಿನವರ ಇಂಗ್ಲಿಷಿನ ನಡುವೆ ಆ ಧ್ವನಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಕಾರ್ಯದರ್ಶಿಯ ಕೆಲಸ.

ಹೆಸರಿಗೆ ಸದಸ್ಯನಾಗಿರುವುದಕ್ಕೂ ಶ್ರಮಿಸುವುದಕ್ಕೂ ಇರುವ ಅಂತರವನ್ನು ಕುರಿತ ಬಹು ಹಳೆಯ ಬರಹವೊಂದು ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾದರೂ ಮೊದಲ ಒಂದು ವರ್ಷ ತಾನು ಹೆಚ್ಚಿನ ಶ್ರಮ ಮಾಡಲಿಲ್ಲವೆಂದೂ, ಸಂಘದ ಬಳಿ ಸಾರಿದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಿಸುತ್ತಿರುವುದಾಗಿಯೂ ಚಕ್ರವರ್ತಿಯೇ ಅಲ್ಲಿ ಹೇಳಿಕೊಂಡಿದ್ದಾನೆ. ಅದರ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಕ್ಕುತ್ತದೆ ಎಂಬುದು ಮುಂದಿನ ಮಾತಿನ ಸಾರ. ಅಲ್ಲಿ ಹೇಳಿರುವ ಸಂಘ ಭಿಕ್ಷುಗಳದು, ವಿಷಯ ಧರ್ಮ. ನಮ್ಮ ಸೇವಾಸಂಘ ಬೇರೆ. ಆದರೂ ಆ ಸಂದೇಶ ಬಂದ ಬಗೆಯನ್ನು ನೋಡಿ: ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದಲ್ಲಿದ್ದ ಮಹಾಮಾತ್ರರಿಗೆ ಮೊದಲು ಆರೋಗ್ಯ ಕೋರಿ, ಆಮೇಲೆ ವಿಷಯ ತಿಳಿಸಿದ್ದಾರೆ. ದೂರದವರಿಗೆ ಬರೆಯುವಾಗ ಕ್ಷೇಮ ಕೇಳಿ ಕೆಲಸ ಹೇಳುವ ಪದ್ಧತಿ ಈ ಬೆಟ್ಟಗಳ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯದು. ಫೋನಿನಲ್ಲಿ ಬರಿಯ ಆಜ್ಞೆಗಳನ್ನು ಕಳಿಸುವವರು ಇದನ್ನು ಒಮ್ಮೆ ನೋಡಿ ಬರಬಹುದು.

ಹಣದ ಮಾತನ್ನು ಬಿಡುವಂತಿಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಕೆರೆಗಳನ್ನು ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ ಹೆಸರಿನೊಡನೆ “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತು ಸೇರಿಕೊಂಡಿದೆ. ದುಡಿಮೆಗೂ ಕೊಡುಗೆಗೂ ಲೆಕ್ಕವಿರಬೇಕೆಂಬುದು ಅಲ್ಲಿಯ ಜನಕ್ಕೆ ಹೇಳಿಕೊಡಬೇಕಾದ ವಿಷಯವಲ್ಲ. ಸ್ನೇಹಿತರೊಬ್ಬರ ಸ್ವಂತ ಖಾತೆಗೆ ಎಲ್ಲರೂ ಹಣ ಹಾಕುವುದು ಮೊದಲ ಲಾರಿಗೆ ನಡೆದೀತು, ಹತ್ತನೆಯದಕ್ಕೆ ನಡೆಯದು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಕೆಳಗೆ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಪ್ರತಿವರ್ಷ ಲೆಕ್ಕ ಒಪ್ಪಿಸಬೇಕಾಗುತ್ತದೆ. ಹೊರದೇಶದಲ್ಲಿರುವ ಸದಸ್ಯರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಭಾರತದ ಪೌರತ್ವ ಉಳಿಸಿಕೊಂಡಿರುವವರು ತಮ್ಮ ಉಳಿತಾಯದಿಂದ ಕೊಟ್ಟ ಹಣ ವಿದೇಶೀ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶೀ ದೇಣಿಗೆಯೇ. ಅದನ್ನು ಪಡೆಯಲು 2010ರ ಕಾಯಿದೆಯಂತೆ ಸಂಘಕ್ಕೆ ಕೇಂದ್ರ ಸರ್ಕಾರದ ನೋಂದಣಿ ಇಲ್ಲವೆ ಮುಂಚಿತ ಅನುಮತಿ ಬೇಕು. ಹುಟ್ಟಿದ ಊರು ಮೊಳಕಾಲ್ಮುರೇ ಆದರೂ ಕಾಯಿದೆ ನೋಡುವುದು ಪಾಸ್‌ಪೋರ್ಟನ್ನು.

ಹಣ ಕೊಡಲಾರದ ಸದಸ್ಯ ಸಂಕೋಚಪಡಬೇಕಾಗಿಲ್ಲ. ನೇಕಾರರ ಮಗಳೊಬ್ಬಳ ವಿದ್ಯಾರ್ಥಿವೇತನದ ಅರ್ಜಿಯನ್ನು ಗಡುವಿನೊಳಗೆ ತುಂಬಿಸಿಕೊಡುವುದು ಒಂದು ಸಂಜೆಯ ಕೆಲಸ. ಅದಕ್ಕೆ ಬೇಕಾದದ್ದು ತಾಳ್ಮೆ. ಅಂಥ ಸಹಾಯ ಪಡೆದವರ ಮುಖವನ್ನು ಊರೂರಿಗೆ ತೋರಿಸದಿರುವುದೂ ಸೇವೆಯ ಒಂದು ಭಾಗವೇ.

ಸಭೆಯ ಹೊತ್ತು ಸಣ್ಣ ವಿಷಯವಾಗಿ ಕಂಡರೂ ಸಂಘಗಳು ಒಡೆಯುವುದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ರಾತ್ರಿ 9 ಗಂಟೆಯಾದಾಗ ಬೇಸಗೆಯಲ್ಲಿ ಲಂಡನ್ನಿನಲ್ಲಿ ಸಂಜೆ 4-30, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11-30. ಭಾನುವಾರವಾದರೆ ಎಲ್ಲರಿಗೂ ಒಗ್ಗುತ್ತದೆ. ಅರ್ಧ ಗಂಟೆ ಸಾಕು. ಭಾಷಣಗಳಿಗೆ ಬೇರೆ ವೇದಿಕೆಗಳು ಬೇಕಾದಷ್ಟಿವೆ.

ಮಳೆ ಬಿದ್ದು ಅಡವಿ ಹಸಿರಾದ ಮೇಲೆ ಸಂಘಕ್ಕೆ ನಿದ್ರೆ ಹತ್ತುವುದು ಸಹಜ. ಆದರೆ ಮೇವಿನ ಕೆಲಸದ ನಿಜವಾದ ಹಂಗಾಮು ಶುರುವಾಗುವುದು ಸುಗ್ಗಿಯಲ್ಲಿ. ಶೇಂಗಾ ಕಿತ್ತ ಮೇಲೆ ಹೊಟ್ಟು, ಭದ್ರಾ ನಾಲೆಯ ಕಡೆ ಕಟಾವು ಮುಗಿದ ಮೇಲೆ ಬತ್ತದ ಹುಲ್ಲು ಅಗ್ಗವಾಗಿ ಸಿಕ್ಕುತ್ತವೆ. ಅದೇ ಹುಲ್ಲು ಏಪ್ರಿಲಿನಲ್ಲಿ ಕೈಗೆಟುಕುವುದಿಲ್ಲ. ಹೀಗಾಗಿ ಯಾವ ಗಡಿಬಿಡಿಯೂ ಇಲ್ಲದ ನವೆಂಬರಿನ ಸಭೆಗೆ ಬರುವ ನಾಲ್ಕು ಮಂದಿಯೇ ಮುಂದಿನ ಬೇಸಗೆಯ ಮಂದೆಯನ್ನು ಉಳಿಸುವವರು. ಈ ವರ್ಷ ಹೊಟ್ಟು ಎಷ್ಟು ಬಂದಿತು, ಬಣವೆಯನ್ನು ಯಾರ ಕಣದಲ್ಲಿ ಹಾಕುವುದು, ಬೆಂಕಿ ಬೀಳದಂತೆ ಕಾಯುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಕ್ಕಬೇಕು.