ಹೊಸ ಚಿಪ್ಪಿಗೆ ಒಗ್ಗುವ ಕಂಪೈಲರ್

ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಕೊಪ್ಪರಿಗೆ ಒಂದೇ ಆದರೂ ಪಾಕದ ಹದ ಒಂದೇ ಅಲ್ಲ. ಕಬ್ಬು ಯಾವ ತಳಿ, ಯಾವ ಗದ್ದೆಯದು ಎಂಬುದರ ಮೇಲೆ ಅದು ನಿಂತಿದೆ. ಗಣಕಯಂತ್ರದಲ್ಲಿಯೂ ಇಂಥದೇ ಒಂದು ಕೆಲಸವಿದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್, ಪ್ರೊಸೆಸರ್ ಯಾವುದೆಂದು ತಿಳಿದರೆ ಅದಕ್ಕೆ ತಕ್ಕ ಹದದಲ್ಲಿ ಆದೇಶಗಳನ್ನು ಜೋಡಿಸುತ್ತದೆ. ಹಾಗೆ ತಿಳಿಸುವ ಸಂಕೇತಕ್ಕೆ ‘ಫ್ಲ್ಯಾಗ್’ ಎಂದು ಹೆಸರು.

1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಕಂಪನಿ ರೂಪಿಸಿದ ‘ಆರ್ಮ್’ ಪ್ರೊಸೆಸರಿನ ಸಂತತಿ ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲುಗಳಲ್ಲಿಯೂ ಇದೆ. ಅದು ಲ್ಯಾಪ್‌ಟಾಪುಗಳಿಗೂ ಬಂದಿದೆ. ಕ್ವಾಲ್‌ಕಾಂ ಕಂಪನಿಯ ‘ಓರಯಾನ್’ ಪ್ರೊಸೆಸರ್ ಇರುವ ಲ್ಯಾಪ್‌ಟಾಪುಗಳು 2024ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದವು. ಅದೇ ವರ್ಷ ಜಿಸಿಸಿ ಮತ್ತು ಎಲ್‌ಎಲ್‌ವಿಎಂ ಎಂಬ ಮುಕ್ತ ಕಂಪೈಲರುಗಳಿಗೆ ‘ಓರಯಾನ್-1’ ಎಂಬ ಹೆಸರೂ ಸೇರಿತು.

ಒಂದು ಸಾಲಿನ ಮಹಿಮೆ

ಸೇರಿಸುವುದೆಂದರೇನು? ಜಿಸಿಸಿಯಲ್ಲಿ ಪ್ರೊಸೆಸರುಗಳ ಪಟ್ಟಿಯೇ ಒಂದು ಕಡತ. ಅದರಲ್ಲಿ ಹೊಸದೊಂದು ಸಾಲು ಬರೆಯಬೇಕು. ಚಿಪ್ಪಿನ ಹೆಸರು, ಅದು ಬಲ್ಲ ಆದೇಶಗಳ ವರ್ಗ, ತಯಾರಕರ ಗುರುತಿನ ಸಂಖ್ಯೆ ಇವು ಅದರ ಅಂಗಗಳು. ಕ್ವಾಲ್‌ಕಾಂನ ಸಂಖ್ಯೆ ಹದಿನಾರರ ಮಾನದಲ್ಲಿ 51. ಗಣಕದ ಅಕ್ಷರಸಂಕೇತದಲ್ಲಿ ಅದು ಇಂಗ್ಲಿಷಿನ ‘ಕ್ಯು’ ಅಕ್ಷರವೂ ಹೌದು! ‘ನೇಟಿವ್’ ಎಂದು ಹೇಳಿದರೆ ಕಂಪೈಲರ್ ಈ ಸಂಖ್ಯೆಯನ್ನು ಓದಿ, ತಾನು ಯಾವ ಚಿಪ್ಪಿನ ಮೇಲಿದ್ದೇನೆಂದು ತಾನೇ ಅರಿಯುತ್ತದೆ. ಯಾವ ಆದೇಶಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬ ಕೋಷ್ಟಕ ಸಿದ್ಧವಿಲ್ಲದಿದ್ದರೆ, ಮೊದಮೊದಲು ಹಳೆಯ ಚಿಪ್ಪಿನ ಕೋಷ್ಟಕವನ್ನೇ ಎರವಲು ಪಡೆಯುವುದು ರೂಢಿ.

ಫ್ಲ್ಯಾಗ್ ಇಲ್ಲದಿದ್ದರೂ ಪ್ರೋಗ್ರಾಂ ಓಡುತ್ತದೆ. ಆದರೆ ಹೊಸ ಆದೇಶಗಳ ಲಾಭ ಪೂರ್ತಿ ದಕ್ಕುವುದಿಲ್ಲ. ತಪ್ಪಾಗಿ ಕೊಟ್ಟರೆ ಇನ್ನೂ ಕಷ್ಟ. ಹೊಸ ಚಿಪ್ಪಿಗೆಂದು ಸಿದ್ಧಪಡಿಸಿದ ಪ್ರೋಗ್ರಾಂ, ಹಳೆಯ ಚಿಪ್ಪಿಗೆ ಗೊತ್ತಿಲ್ಲದ ಆದೇಶ ಎದುರಾದೊಡನೆ ಅದರ ಮೇಲೆ ನಿಂತುಬಿಡುತ್ತದೆ.

ದುಬಾರಿ ಯಂತ್ರ ಬೇಕೇ?

ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ನಾಗಮಂಗಲ, ಶ್ರೀರಂಗಪಟ್ಟಣ ತಾಲ್ಲೂಕುಗಳ ಕಾಲೇಜುಗಳಲ್ಲಾಗಲಿ ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಗಳ ಮೊದಲ ಪ್ರಶ್ನೆ ಖರ್ಚಿನದು. ಇದನ್ನು ಕಲಿಯಲು ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ. ಇಂಟೆಲ್ ಚಿಪ್ಪಿನ ಹಳೆಯ ಗಣಕದಲ್ಲಿಯೇ ಆರ್ಮ್‌ಗೆ ಬೇಕಾದ ಯಂತ್ರಭಾಷೆಯನ್ನು ಹೊರತೆಗೆಯುವ ‘ಕ್ರಾಸ್ ಕಂಪೈಲರ್’ ಉಚಿತವಾಗಿ ಸಿಗುತ್ತದೆ. ‘ಕ್ಯೂಎಮು’ ಎಂಬ ತಂತ್ರಾಂಶ ಆ ಗಣಕವನ್ನೇ ಆರ್ಮ್‌ನಂತೆ ನಟಿಸುವಂತೆ ಮಾಡುತ್ತದೆ. ಪ್ರೋಗ್ರಾಂ ಸರಿಯಿದೆಯೇ ಎಂದು ಇದರಲ್ಲಿ ನೋಡಬಹುದು. ವೇಗವನ್ನು ಅಳೆಯಲು ಮಾತ್ರ ನಿಜವಾದ ಚಿಪ್ಪೇ ಬೇಕು.

ಕಂಪೈಲರ್ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲಿಯೇ ಹೊರಬಂದಿತ್ತು. ಜಿಸಿಸಿಯ ಮೂಲ ಬರಹವೂ 1987ರಿಂದ ಯಾರು ಬೇಕಾದರೂ ಓದುವಂತೆ ತೆರೆದಿದೆ. ಪರೀಕ್ಷೆಗೆಂದು ಕಂಪೈಲರ್ ಪಾಠ ಓದುವ ವಿದ್ಯಾರ್ಥಿಗಳು ಆ ಪಟ್ಟಿಯ ಕಡತವನ್ನು ಒಮ್ಮೆ ತೆರೆಯಲಿ. ಒಂದೇ ಪ್ರೋಗ್ರಾಮನ್ನು ಎರಡು ಫ್ಲ್ಯಾಗ್‌ಗಳೊಡನೆ ಸಿದ್ಧಪಡಿಸಿ, ಹೊರಬಂದ ಆದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಪಾಠ ಅಲ್ಲಿಂದ ಮುಂದೆ ತಾನೇ ತಿಳಿಯಾಗುತ್ತದೆ.