ಕಣ್ಣಿದ್ದೂ ಕಾಣದ ಚಾಲಕ

ಮನುಷ್ಯನಿಗೆ ಕಣ್ಣುಗಳು ಎರಡು, ಕಿವಿಗಳು ಎರಡು, ಕೈಗಳೂ ಎರಡು. ಆದುದರಿಂದ ಏಕಕಾಲದಲ್ಲಿ ಎರಡು ಕೆಲಸಗಳನ್ನು ಮಾಡುವುದು ಕಷ್ಟವೇನೂ ಅಲ್ಲವೆಂದು ನಾವು ಭಾವಿಸುತ್ತೇವೆ. ನಡೆಯುತ್ತ ಹರಟುತ್ತೇವೆ, ಉಣ್ಣುತ್ತ ಹಾಡು ಕೇಳುತ್ತೇವೆ. ಇದೇ ನಂಬಿಕೆಯಿಂದ ಮೋಟಾರು ವಾಹನವನ್ನು ನಡೆಸುವವನು ಮೊಬೈಲ್ ಫೋನಿನಲ್ಲಿ ಮಾತಿಗೆ ತೊಡಗುತ್ತಾನೆ. ಹೆಲ್ಮೆಟ್ಟಿಗೂ ಕಿವಿಗೂ ನಡುವೆ ಫೋನನ್ನು ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸುವವರನ್ನು ನಮ್ಮ ಊರುಗಳ ಬೀದಿಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. "ಕೈಗಳೆರಡೂ ಬಿಡುವಾಗಿವೆ, ಕಣ್ಣು ರಸ್ತೆಯ ಮೇಲೆಯೇ ಇದೆ, ಅಪಾಯವೆಲ್ಲಿಂದ ಬರಬೇಕು?" ಎಂಬುದು ಅವರ ವಾದ. ಈ ವಾದದಲ್ಲಿ ಎಷ್ಟು ಹುರುಳಿದೆಯೆಂಬುದನ್ನು ವಿಚಾರಿಸೋಣ.

ಮೊದಲು ಒಂದು ಸಣ್ಣ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಹಠಾತ್ತನೆ ಮಗುವೊಂದು ರಸ್ತೆಗೆ ಅಡ್ಡ ಬಂದಿತೆನ್ನಿ. ಕಣ್ಣು ಅದನ್ನು ಕಂಡು, ಮಿದುಳು ಅದನ್ನು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಎಚ್ಚರದಿಂದಿರುವ ಚಾಲಕನಿಗೂ ಒಂದು ಸೆಕೆಂಡಿನಷ್ಟು ಕಾಲ ಹಿಡಿಯುತ್ತದೆ. ಇನ್ನರ್ಧ ಸೆಕೆಂಡು ತಡವಾದರೆ ವಾಹನವು ಮತ್ತೆ 8 ಮೀಟರ್ ಸಾಗಿರುತ್ತದೆ. ಮಗು ಉಳಿಯುವುದೂ ಉಳಿಯದಿರುವುದೂ ಎಷ್ಟೋ ವೇಳೆ ಆ 8 ಮೀಟರುಗಳನ್ನೇ ಅವಲಂಬಿಸಿರುತ್ತದೆ. ಹಾಗಾದರೆ ಮಾತನಾಡುತ್ತಿರುವ ಚಾಲಕನಿಗೆ ನಿಜವಾಗಿಯೂ ತಡವಾಗುವುದೇ?

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಕೈಯಲ್ಲಿ ಹಿಡಿಯುವ ಫೋನು ಬರುವುದಕ್ಕೆ ಮೊದಲೇ, 1969ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನ ಮನೋವಿಜ್ಞಾನಿಗಳಾದ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು 24 ಮಂದಿ ಚಾಲಕರನ್ನು ಪರೀಕ್ಷಿಸಿದರು. ಎದುರಿಗಿರುವ ಕಿಂಡಿಯಲ್ಲಿ ಕಾರು ತೂರಬಲ್ಲುದೇ ಇಲ್ಲವೇ ಎಂದು ಚಾಲಕನು ತೀರ್ಮಾನಿಸಬೇಕು; ಜೊತೆಗೆ ದೂರವಾಣಿಯಲ್ಲಿ ಕೇಳಿಬರುವ ವಾಕ್ಯಗಳು ಸರಿಯೋ ತಪ್ಪೋ ಎಂದು ಹೇಳಬೇಕು. ಫಲಿತಾಂಶವು ಕುತೂಹಲಕರವಾಗಿತ್ತು. ತೂರಬಹುದಾದ ಕಿಂಡಿಯಲ್ಲಿ ಕಾರನ್ನು ನಡೆಸುವ ಕೌಶಲವು ಹೆಚ್ಚೇನೂ ಕೆಡಲಿಲ್ಲ, ಕೆಟ್ಟದ್ದು ವಿವೇಚನೆ. ತೂರಲಾಗದ ಕಿಂಡಿಯನ್ನು 'ಇದು ಆಗದು' ಎಂದು ಗುರುತಿಸುವುದರಲ್ಲಿ ಅವರು ಎಡವಿದರು.

1997ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ರೆಡೆಲ್ಮಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು ವಿಜ್ಞಾನಿಗಳು, ಅಪಘಾತಕ್ಕೀಡಾದ 699 ಮಂದಿ ಚಾಲಕರ ದೂರವಾಣಿ ಕರೆಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಫೋನಿನಲ್ಲಿ ಮಾತನಾಡುವಾಗ ಅಪಘಾತದ ಸಂಭವವು ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆಂದು ಅದರಿಂದ ತಿಳಿದುಬಂದಿತು. ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡುವವರಿಗೆ ಇದರಿಂದ ಯಾವ ವಿಶೇಷ ರಕ್ಷಣೆಯೂ ಅಲ್ಲಿ ಕಂಡುಬರಲಿಲ್ಲ.

ಕೈಗಳು ಬಿಡುವಾಗಿದ್ದರೂ ಅಪಾಯವೇಕೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ನೀಡುತ್ತವೆ. ಕೋಣೆಯೊಳಗೆ ರಸ್ತೆಯ ದೃಶ್ಯವನ್ನು ತೋರಿಸುವ ಯಂತ್ರದಲ್ಲಿ ಚಾಲಕರನ್ನು ಕೂರಿಸಿ, ಅವರ ದೃಷ್ಟಿ ಯಾವ ಕಡೆ ನೆಟ್ಟಿದೆಯೆಂಬುದನ್ನು ಉಪಕರಣದಿಂದ ಗುರುತಿಸಲಾಯಿತು. ಮಾತನಾಡುತ್ತಿದ್ದವರು ರಸ್ತೆಬದಿಯ ಫಲಕಗಳನ್ನು ನೇರವಾಗಿ ನೋಡಿದ್ದರು. ಆದರೂ ಬಳಿಕ ಕೇಳಿದಾಗ ಅವುಗಳಲ್ಲಿ ಅನೇಕವನ್ನು ಅವರು ಗುರುತಿಸಲಾರದೆ ಹೋದರು. ಬೆಳಕು ಕಣ್ಣಿನೊಳಗೆ ಬಿದ್ದರೂ ಅವಧಾನವು ಬೇರೆಡೆ ಇದ್ದುದರಿಂದ ಮಿದುಳು ಅದನ್ನು ಸರಿಯಾಗಿ ಸ್ವೀಕರಿಸಲಿಲ್ಲ. ಅದೇ ತಂಡವು 2006ರಲ್ಲಿ ಪ್ರಕಟಿಸಿದ ಮತ್ತೊಂದು ಪ್ರಯೋಗದಲ್ಲಿ 40 ಮಂದಿಯನ್ನು ಮದ್ಯ ಕುಡಿಸಿಯೂ, ಫೋನಿನಲ್ಲಿ ಮಾತನಾಡಿಸಿಯೂ ಪರೀಕ್ಷಿಸಲಾಯಿತು. ಫೋನಿನಲ್ಲಿದ್ದಾಗ ಮೂವರು ಮುಂದಿನ ಕಾರಿಗೆ ಡಿಕ್ಕಿ ಹೊಡೆದರು. ಮದ್ಯ ಸೇವಿಸಿದಾಗ ಯಾರೂ ಹೊಡೆಯಲಿಲ್ಲ. ಇದು ಮದ್ಯಪಾನಕ್ಕೆ ಕೊಟ್ಟ ಪ್ರಶಸ್ತಿಪತ್ರವಲ್ಲ, ಫೋನಿನ ಕುರಿತು ಕೊಟ್ಟ ಎಚ್ಚರಿಕೆ.

ಹಾಗಿದ್ದರೆ ಪಕ್ಕದಲ್ಲಿ ಕುಳಿತವನೊಡನೆ ಮಾತನಾಡುವುದೂ ಅಷ್ಟೇ ಅಪಾಯವಲ್ಲವೆ, ಎಂದು ಓದುಗರು ಕೇಳಬಹುದು. ವ್ಯತ್ಯಾಸವಿದೆ. ಪಕ್ಕದವನೂ ರಸ್ತೆಯನ್ನು ಕಾಣುತ್ತಾನೆ. ಲಾರಿಯೊಂದು ಅಡ್ಡ ಬಂದೊಡನೆ ಮಾತು ನಿಲ್ಲಿಸುತ್ತಾನೆ. "ಅಗೋ, ನೋಡು" ಎಂದು ಎಚ್ಚರಿಸುತ್ತಾನೆ. ಫೋನಿನ ಮತ್ತೊಂದು ತುದಿಯಲ್ಲಿರುವವನಿಗೆ ಲಾರಿಯೂ ಕಾಣದು, ತಿರುವೂ ಕಾಣದು. ಅವನು ಪ್ರಶ್ನೆ ಕೇಳುತ್ತಲೇ ಇರುತ್ತಾನೆ.

ಸಂದೇಶಗಳನ್ನು ಓದುವುದೂ ಬರೆಯುವುದೂ ಇನ್ನೂ ಘೋರವಾದುದು, ಏಕೆಂದರೆ ಇಲ್ಲಿ ಮನಸ್ಸಿನ ಜೊತೆಗೆ ಕಣ್ಣೂ ಕೈಯೂ ರಸ್ತೆಯನ್ನು ಬಿಡುತ್ತವೆ. 2008ನೇ ಸೆಪ್ಟೆಂಬರ್ 12ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಚಾಟ್ಸ್‌ವರ್ತ್ ಎಂಬಲ್ಲಿ ಪ್ರಯಾಣಿಕರ ರೈಲೊಂದು ಕೆಂಪು ಸಂಕೇತವನ್ನು ದಾಟಿ ಎದುರಿನಿಂದ ಬಂದ ಸರಕು ರೈಲಿಗೆ ಅಪ್ಪಳಿಸಿತು. 25 ಮಂದಿ ಮಡಿದರು. ರೈಲಿಗೆ ಹಳಿಯೇ ದಾರಿ. ಚಾಲಕನು ಚಕ್ರ ತಿರುಗಿಸಬೇಕಾದುದೂ ಇರಲಿಲ್ಲ, ಸಂಕೇತವನ್ನು ಕಂಡು ನಿಲ್ಲಿಸಿದ್ದರೆ ಸಾಕಿತ್ತು. ಅವನು ಫೋನಿನಲ್ಲಿ ಸಂದೇಶಗಳನ್ನು ಬರೆಯುತ್ತಿದ್ದನೆಂದೂ, ಕೊನೆಯ ಸಂದೇಶವನ್ನು ಡಿಕ್ಕಿಗೆ 22 ಸೆಕೆಂಡು ಮೊದಲು ಕಳುಹಿಸಿದ್ದನೆಂದೂ ಸರ್ಕಾರಿ ತನಿಖೆಯಿಂದ ಹೊರಬಿದ್ದಿತು. ಸಾವಿಗೀಡಾದವರಲ್ಲಿ ಅವನೂ ಒಬ್ಬ.

ನಮ್ಮ ದೇಶದಲ್ಲಿ 2022ನೇ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವೆಲ್ಲವೂ ಫೋನಿನಿಂದಾದ ಸಾವುಗಳಲ್ಲವಾದರೂ, ಇಷ್ಟು ಅಪಾಯಕರವಾದ ರಸ್ತೆಗಳಲ್ಲಿ ಅನ್ಯಮನಸ್ಕನಾಗಿರುವುದು ಎಷ್ಟರ ಸಾಹಸವೆಂಬುದನ್ನು ಊಹಿಸಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾನೂನು, ಕೈಯಲ್ಲಿ ಫೋನು ಹಿಡಿದು ವಾಹನ ನಡೆಸುವುದನ್ನು ಅಪಾಯಕರ ಚಾಲನೆಯೆಂದೇ ಪರಿಗಣಿಸುತ್ತದೆ. ಆದರೆ ಪೊಲೀಸಿನವರು ಕೈಯನ್ನು ಕಾಣಬಲ್ಲರೇ ಹೊರತು ಮನಸ್ಸನ್ನು ಕಾಣಲಾರರು. ಅದರ ಕಾವಲು ನಮ್ಮದೇ ಹೊಣೆ.

ಪರಿಹಾರವು ಅತಿ ಸುಲಭ. ಕರೆ ಬಂದರೆ ವಾಹನವನ್ನು ಬದಿಗೆ ನಿಲ್ಲಿಸಿ ಮಾತನಾಡಬೇಕು. ಇಲ್ಲವೇ ಊರು ಸೇರಿದ ಮೇಲೆ ಮಾತನಾಡಬೇಕು. ಇನ್ನೂ ವಾಹನ ನಡೆಸುವ ವಯಸ್ಸಾಗದ ವಿದ್ಯಾರ್ಥಿಗಳೂ ಇಲ್ಲಿ ಮಾಡಬಹುದಾದುದೊಂದಿದೆ. ಅಪ್ಪನಿಗೋ ಅಣ್ಣನಿಗೋ ಫೋನು ಮಾಡಿದಾಗ "ಗಾಡಿ ಓಡಿಸ್ತಾ ಇದ್ದೀರಾ?" ಎಂದು ಮೊದಲು ಕೇಳಬೇಕು. ಹೌದೆಂದರೆ ಕೂಡಲೇ ಫೋನನ್ನು ಇಟ್ಟುಬಿಡಬೇಕು.